ಓರಗಿತ್ತಿಯ ದೊಡ್ಡ ಸೆಟ್ಟು

ನಮ್ಮ ಸಣ್ಣ ಪೆಟ್ಟಿಗೆಗೆ ಲ್ಯಾಪ್‌ಟಾಪಿನಿಂದ ಒಂದೇ ತಂತಿ. ಕಂಟ್ರೋಲರ್ ಅಂತ ಅದರ ಹೆಸರು. ಎಡಕ್ಕೊಂದು ಬಲಕ್ಕೊಂದು ತಿರುಗುವ ತಟ್ಟೆ, ನಡುವೆ ಮೇಲಕ್ಕೆ ಕೆಳಕ್ಕೆ ಎಳೆಯುವ ಎರಡು ಗುಂಡಿ. ಆ ಗುಂಡಿಗೆ ಫೇಡರ್ ಅನ್ನುತ್ತಾರೆ. ಒಂದು ಹಾಡು ಮುಗಿಯುತ್ತಾ ಬಂದಾಗ ಮುಂದಿನದನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು, ತಾಳ ಕೂಡಿಸಿ, ಒಂದು ಫೇಡರ್ ಇಳಿಸುತ್ತಾ ಇನ್ನೊಂದನ್ನು ಏರಿಸಿದರೆ ಕೆಲಸವಾಯಿತು. ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರೆ ಶ್ರೀನಿವಾಸಪುರದಿಂದ ಎಲ್ಲಿಗೆ ಬೇಕಾದರೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು.

ನಾನೂ ನನ್ನ ಓರಗಿತ್ತಿಯೂ ಸೇರಿ ಇದೇ ಪೆಟ್ಟಿಗೆಯಲ್ಲಿ ಸೀಮಂತ, ನಾಮಕರಣ, ಅರಿಶಿನ ಶಾಸ್ತ್ರಗಳಿಗೆ ಡಿಜೆ ಮಾಡುತ್ತಿದ್ದೆವು. ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಡಿಜೆ ಹಾಕುವವರು ಹೆಂಗಸರೇ ಆದರೆ ಮನೆಯ ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿಕೊಂಡು ಧೈರ್ಯವಾಗಿ ಕುಣಿಯುತ್ತಾರೆ ಅಂತ ನಮ್ಮನ್ನು ಕರೆಯುತ್ತಿದ್ದರು. ಕೋಲಾರದ ಒಬ್ಬ ಈವೆಂಟ್ ಮ್ಯಾನೇಜರಿಗೂ ಅದೇ ಕಾರಣಕ್ಕೆ ನಾವು ಬೇಕಾಗಿದ್ದೆವು. ಮುಳಬಾಗಿಲಿನ ಛತ್ರವೊಂದರಲ್ಲಿ ಭಾನುವಾರ ಬೆಳಿಗ್ಗೆ ಒಂದು ಅರಿಶಿನ ಶಾಸ್ತ್ರ. ಅದನ್ನು ಚೆನ್ನಾಗಿ ಮಾಡಿಕೊಟ್ಟರೆ ಈ ಸೀಸನ್ನಿನ ಹೆಂಗಸರ ಕಾರ್ಯಕ್ರಮಗಳನ್ನೆಲ್ಲ ನಮಗೇ ಕೊಡುತ್ತೇನೆ ಅಂದರು. ಆದರೆ ನಮ್ಮ ಪೆಟ್ಟಿಗೆಯ ಫೋಟೋ ನೋಡಿ ಮುಖ ಹುಳ್ಳಗೆ ಮಾಡಿದರು.

"ಮೇಡಂ, ಇದು ಊಟದ ಕ್ಯಾರಿಯರ್ ಇದ್ದಂಗಿದೆ. ಪಾರ್ಟಿಯೋರು ಸ್ಟೇಜ್ ನೋಡ್ತಾರೆ. ಫುಲ್ ಸೆಟಪ್ ಬೇಕು."

ನನಗೆ ಅಳುಕಾಯಿತು. ಓರಗಿತ್ತಿಯ ಕಣ್ಣು ಅರಳಿತು. ಅವಳು ಎರಡು ವರ್ಷದಿಂದ ಮೊಬೈಲಿನಲ್ಲಿ ದೊಡ್ಡ ಸೆಟ್ಟುಗಳ ವೀಡಿಯೋ ನೋಡುತ್ತಾ ಅಡಿಗೆಕಟ್ಟೆಯ ಮೇಲೆ ಬೆರಳಾಡಿಸುತ್ತಿದ್ದವಳು.

"ಅಕ್ಕಾ, ಮೂರು ಹಾಡು ಒಟ್ಟಿಗೆ ಓಡಿಸ್ಬಹುದು. ಒಂದರ ಗಂಟಲು, ಇನ್ನೊಂದರ ವಾದ್ಯ, ಕೆಳಗಡೆ ತಮಟೆ. ನಮ್ ಡಬ್ಬದಲ್ಲಿ ಎಲ್ಲಾಗುತ್ತೆ?"

"ಎರಡು ಹಾಡಿಗೇ ನನಗೆ ಕೈ ಬೆವರುತ್ತೆ ಕಣೇ."

"ನಿಮಗೆ ಬೆವರಲಿ. ನಾನು ಹೊಡೀತೀನಿ."

ಕೋಲಾರದ ಸೌಂಡ್ಸ್ ಅಂಗಡಿಯಿಂದ ಬಾಡಿಗೆಗೆ ತಂದೆವು. ಹಾಡು ಓಡಿಸುವ ಮೂರು ಪ್ಲೇಯರ್, ಅವನ್ನೆಲ್ಲ ಕೂಡಿಸುವ ನಾಲ್ಕು ಫೇಡರಿನ ಒಂದು ಮಿಕ್ಸರ್. ನಾನು ದಿನದಿನದ್ದನ್ನು ಪುಸ್ತಕದಲ್ಲಿ ಬರೆದಿಡುವವಳು. ಆವತ್ತಿನ ಪುಟದಲ್ಲಿ ಹೀಗಿದೆ: ತಂತಿ ಹದಿನಾಲ್ಕು. ಜೋಡಿಸಲು ಒಂದು ಗಂಟೆ ಹತ್ತು ನಿಮಿಷ. ಗುಂಯ್ ಶಬ್ದ. ಆ ಗುಂಯ್ ಶಬ್ದದ ಮೂಲ ಹುಡುಕಲು ಇನ್ನೊಂದು ದಿನ ಹೋಯಿತು. ಪ್ಲೇಯರುಗಳಿಗೆ ಒಂದು ಗೋಡೆಯ ಪ್ಲಗ್ಗು, ಸ್ಪೀಕರಿಗೆ ಇನ್ನೊಂದು ಗೋಡೆಯದು ಕೊಟ್ಟಿದ್ದೆವು. ಎಲ್ಲವನ್ನೂ ಒಂದೇ ಪ್ಲಗ್ಗಿನಿಂದ ಎಳೆದ ಮೇಲೆ ನಿಂತಿತು. ಹಾಡುಗಳದ್ದು ಬೇರೆ ಗೋಳು. ಲ್ಯಾಪ್‌ಟಾಪಿನಲ್ಲಿ ನಾನು ಹಾಡುಗಳನ್ನು ಶಾಸ್ತ್ರದ ಪ್ರಕಾರ ಜೋಡಿಸಿಟ್ಟಿದ್ದೆ. ಅರಿಶಿನ ಹಚ್ಚುವಾಗಿನದು, ನೀರು ಹಾಕುವಾಗಿನದು, ಬಳೆ ತೊಡಿಸುವಾಗಿನದು, ಪಂಕ್ತಿ ಕೂತಾಗಿನದು, ಹೀಗೆ. ಪ್ಲೇಯರಿಗೆ ಪೆನ್‌ಡ್ರೈವ್ ಸಿಕ್ಕಿಸಿದರೆ ಅದು ಎಲ್ಲವನ್ನೂ ವೇಗದ ಪ್ರಕಾರ ತಿರುವಿ ಹಾಕಿತು. ನೀರು ಹಾಕುವ ಹಾಡಿನ ಪಕ್ಕಕ್ಕೆ ಗಣಪತಿ ಬಿಡುವ ಹಾಡು ಬಂದು ಕೂತಿತು. ಒಂದೊಂದಾಗಿ ಮತ್ತೆ ಸರಿ ಮಾಡಿದೆವು.

ಸೆಟ್ಟು ಮೂರು ವಾರ ನಮ್ಮ ನಡುಮನೆಯಲ್ಲಿತ್ತು. ಬೆಳಿಗ್ಗೆ ಮೈದುನ ವೇಮಗಲ್ ಫ್ಯಾಕ್ಟರಿಗೆ ಹೊರಟ ತಕ್ಷಣ ಅವಳು ಅದರ ಮುಂದೆ ಕೂರುವಳು. ನಾನು ಒಗ್ಗರಣೆ ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮೊದಲ ವಾರ ಎರಡು ಗಾಡಿ ಡಿಕ್ಕಿ ಹೊಡೆದ ಹಾಗೆ ಇತ್ತು. ಎರಡನೇ ವಾರ ಆಗಾಗ ಒಂದು ನಿಮಿಷ ಕೂಡುತ್ತಿತ್ತು, ಮತ್ತೆ ಜಾರುತ್ತಿತ್ತು. ಮೂರನೇ ವಾರ ನಾನು ಸೌಟು ಹಿಡಿದುಕೊಂಡು ನಿಂತುಬಿಟ್ಟದ್ದೂ ಉಂಟು. ಆದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆಯುತ್ತಿದ್ದೆ. ಸುತ್ತಿಟ್ಟ ವೈರು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಇಷ್ಟೆಲ್ಲ ಬೇಕಿತ್ತಾ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ, ಅವಳಿಗೆ ಕೇಳಿಸುವ ಹಾಗೆ.

ಶುಕ್ರವಾರ ಸಾಯಂಕಾಲ ಪೂಜೆ ಮಾಡಿದೆ. ಕಾರ್ಯಕ್ರಮಕ್ಕೆ ಮುಂಚಿನ ಶುಕ್ರವಾರ ಯಂತ್ರಗಳಿಗೆ ಪೂಜೆ ಮಾಡುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಸಣ್ಣ ಪೆಟ್ಟಿಗೆಗೆ ಪ್ಲಾಸ್ಟಿಕ್ ಮುಚ್ಚಳವಿದೆ, ಅರಿಶಿನ ಕುಂಕುಮವೆಲ್ಲ ಅದರ ಮೇಲೆಯೇ. ಬಾಡಿಗೆ ಮಿಕ್ಸರಿಗೆ ಮುಚ್ಚಳವಿರಲಿಲ್ಲ. ಭಯ ಹೆಚ್ಚಾದಷ್ಟೂ ನನ್ನ ಪೂಜೆ ಜೋರು. ಅರಿಶಿನವನ್ನು ನೀರಿನಲ್ಲಿ ಕಲಸಿ ನಾಲ್ಕು ಫೇಡರಿಗೂ ಒಂದೊಂದು ಬೊಟ್ಟಿಟ್ಟೆ, ಅದರ ಮೇಲೆ ಕುಂಕುಮ ಒತ್ತಿದೆ, ಅಕ್ಷತೆ ಹಾಕಿದೆ.

"ಅಕ್ಕಾ, ಬಾಡಿಗೇದು, ಮೆಲ್ಲಗೆ," ಅಂದಳು ಓರಗಿತ್ತಿ.

"ದೇವರಿಗೆ ಬಾಡಿಗೇದು ಸ್ವಂತದ್ದು ಅಂತ ಇರುತ್ತೇನೇ?"

ಬೆಳಿಗ್ಗೆ ಒಣಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ ಕಟ್ಟಿದೆ. ನನ್ನ ತಪ್ಪು ನಡೆದದ್ದು ಅಲ್ಲೇ. ಆಗ ಗೊತ್ತಾಗಲಿಲ್ಲ.

ಭಾನುವಾರ ಏಳೂವರೆಗೆ ಮುಳಬಾಗಿಲಿನ ಛತ್ರದಲ್ಲಿದ್ದೆವು. ಲಗೇಜ್ ಆಟೋದಲ್ಲಿ ದೊಡ್ಡ ಸೆಟ್ಟು, ನನ್ನ ಕಾಲಬಳಿ ಸಣ್ಣ ಪೆಟ್ಟಿಗೆಯ ಚೀಲ. ಅದನ್ನು ಕಂಡು ಓರಗಿತ್ತಿಯ ತುಟಿ ಬಿಗಿಯಾಯಿತು. ಛತ್ರದ ಆಂಪ್ಲಿಫೈಯರ್ ನೋಡಿಕೊಳ್ಳುವವರು ನಮ್ಮ ಹದಿನಾಲ್ಕು ತಂತಿ ಎಣಿಸಿ ನಕ್ಕರು. ಒಂಬತ್ತಕ್ಕೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿತ್ತು. ಗುಂಯ್ ಕೂಡ ಇರಲಿಲ್ಲ. ಈವೆಂಟ್ ಮ್ಯಾನೇಜರು ದೂರದಿಂದ ಸ್ಟೇಜಿನ ಫೋಟೋ ತೆಗೆದುಕೊಂಡು ಹೆಬ್ಬೆರಳು ತೋರಿಸಿದರು.

ಮೊದಲ ಮುಕ್ಕಾಲು ಗಂಟೆ ಓರಗಿತ್ತಿ ಏನು ಹೊಡೆದಳು ಅಂತೀರಿ! ಗಂಡಿನ ಕಡೆಯ ಅತ್ತೆಯರು, ಹೆಣ್ಣಿನ ಕಡೆಯ ಚಿಕ್ಕಮ್ಮಂದಿರು, ಯಾರೂ ಕುರ್ಚಿಯಲ್ಲಿ ಇರಲಿಲ್ಲ. ಕನ್ನಡದ್ದು ತೆಲುಗಿನದಕ್ಕೆ ಎಲ್ಲಿ ತಿರುಗಿತು ಅಂತ ಕುಣಿಯುವವರಿಗೆ ಗೊತ್ತಾಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಮುಂದಿನ ಹಾಡಿನ ಚೀಟಿ ಹಿಡಿಯುತ್ತಿದ್ದೆ. ಅವಳು ನೋಡುತ್ತಲೂ ಇರಲಿಲ್ಲ.

ಆಮೇಲೆ ಹುಡುಗಿಯ ಅಜ್ಜಿ ಶೋಭಾನೆ ಹೇಳಲು ಬಂದರು. ಆಂಧ್ರದ ಗಡಿಯ ಹಳ್ಳಿಯವರು, ಬಾಯಲ್ಲಿ ಅರ್ಧ ತೆಲುಗು. ಮೈಕು ಕೊಟ್ಟೆ. ಓರಗಿತ್ತಿ ಒಂದು ಬೆರಗು ಯೋಚಿಸಿಟ್ಟಿದ್ದಳು. ಅಜ್ಜಿಯ ಹಾಡಿನ ಕೊನೆಯ ನುಡಿಗೆ ಸರಿಯಾಗಿ ಕೆಳಗಿನಿಂದ ಮೆಲ್ಲಗೆ ತಮಟೆ ಏಳಬೇಕು. ಅದಕ್ಕೆ ಮೂರನೇ ಪ್ಲೇಯರಿನಲ್ಲಿ ತಮಟೆಯನ್ನು ಓಡಲು ಬಿಟ್ಟು, ಫೇಡರನ್ನು ಪೂರ್ತಿ ಇಳಿಸಿ, ಹೆಡ್‌ಫೋನಿನಲ್ಲಿ ತಾಳ ಹಿಡಿದುಕೊಂಡು ಕಾಯುತ್ತಿದ್ದಳು.

ಅಜ್ಜಿಯ ಎರಡನೇ ಸಾಲಿಗೇ ತಮಟೆ ಹೊರಗೆ ಕೇಳಿಸಿತು. ಫೇಡರ್ ಇಳಿದೇ ಇತ್ತು. ಅವಳು ಇನ್ನೂ ಒತ್ತಿದಳು. ಕರಕರ ಅಂದಿತು, ತಮಟೆ ಜೋರಾಯಿತು. ಅಜ್ಜಿ ಹಾಡು ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಏಮೈಂದಮ್ಮಾ, ಏನಾಯ್ತು? ನಾನು ಹಾಡ್ಲೋ, ಅದು ಹಾಡುತ್ತೋ?"

ಜನ ನಕ್ಕರು. ಓರಗಿತ್ತಿ ಪ್ಲೇಯರನ್ನೇ ನಿಲ್ಲಿಸಿದಳು. ಅಜ್ಜಿ ಹಾಡು ಮುಗಿಸಿದರು, ತಮಟೆ ಇಲ್ಲದೆ. ಮುಂದಿನ ಕುಣಿತದ ಹಾಡಿಗೆ ಅವಳು ಮೊದಲನೇ ಫೇಡರ್ ಏರಿಸಿದಾಗ ಶಬ್ದ ಅರ್ಧಕ್ಕೆ ಬಂದು ಸತ್ತಿತು. ಇನ್ನೊಂಚೂರು ತಳ್ಳಿದಳು, ಒಮ್ಮೆಲೇ ಕಿವಿ ಹರಿಯುವ ಹಾಗೆ ಎದ್ದಿತು, ಮತ್ತೆ ಸತ್ತಿತು. ಕೈ ಎತ್ತಿ ನಿಂತಿದ್ದ ಹೆಂಗಸರು ಕೈ ಎತ್ತಿಕೊಂಡೇ ನಮ್ಮನ್ನು ನೋಡುತ್ತಿದ್ದರು. ಎರಡನೇ ಫೇಡರೂ ಅದೇ ರಾಗ. ಬಾಗಿಲ ಬಳಿಯಿದ್ದ ಮ್ಯಾನೇಜರು ಫೋನು ಜೇಬಿಗಿಟ್ಟು ನಮ್ಮ ಕಡೆ ನಡೆಯತೊಡಗಿದರು.

"ಅಕ್ಕಾ, ಎರಡು ನಿಮಿಷ ಕೊಡಿ. ನನ್ನ ಕೈ ಎಲ್ಲೋ ತಪ್ಪಿದೆ. ಎರಡೇ ನಿಮಿಷ."

ಅವಳ ಹಣೆಯ ಬೆವರು ಮಿಕ್ಸರಿನ ಮೇಲೆ ಬೀಳುತ್ತಿತ್ತು. ನಾನು ಮ್ಯಾನೇಜರನ್ನು ನೋಡಿದೆ, ಅವಳನ್ನು ನೋಡಿದೆ, ಬಗ್ಗಿ ಚೀಲದ ಗಂಟು ಬಿಚ್ಚಿದೆ.

"ಬೇಡ ಅಕ್ಕಾ," ಅಂದಳು.

"ಸರಿ ಆಚೆ."

ಅಜ್ಜಿಯ ಹತ್ತಿರ ಹೋಗಿ, "ಅಮ್ಮಾ, ಇನ್ನೊಂದು ಹಾಡು ಹೇಳ್ತೀರಾ? ಮೈಕ್ ಇರಲ್ಲ," ಅಂದೆ.

"ಮೈಕು ನಮಗೆ ಯಾವಾಗಿತ್ತಮ್ಮಾ? ನೀವು ಕೊಟ್ರಿ ಅಂತ ಹಿಡ್ಕೊಂಡೆ, ಅಷ್ಟೆ."

ಅವರು ಶುರು ಮಾಡಿದರು. ಹೆಂಗಸರು ಹತ್ತಿರ ಸರಿದು ಚಪ್ಪಾಳೆ ಸೇರಿಸಿದರು. ಅಷ್ಟರಲ್ಲಿ ನಾನು ಛತ್ರದ ಆಂಪ್ಲಿಫೈಯರಿಗೆ ಹೋಗುವ ಎರಡು ದಪ್ಪ ತಂತಿ ಮಿಕ್ಸರಿನಿಂದ ಕಿತ್ತೆ. ನಮ್ಮ ಪೆಟ್ಟಿಗೆಯ ಕೆಂಪು ಬಿಳಿ ಪಿನ್ನುಗಳಿಗೆ ಅವು ಕೂರುವುದಿಲ್ಲ. ಅದಕ್ಕೆ ಬೇಕಾದ ಜೋಡಿಪಿನ್ನು ಚೀಲದ ಪಕ್ಕದ ಜೇಬಿನಲ್ಲಿ ಯಾವಾಗಲೂ ಇಟ್ಟಿರುತ್ತೇನೆ. ಪೆಟ್ಟಿಗೆಯಲ್ಲಿ ಮೈಕಿಗೆ ಒಂದೇ ಜಾಗ, ನಮಗೆ ಬೇಕಾದದ್ದು ಎರಡು. ಮೈಕುಗಳನ್ನು ನೇರವಾಗಿ ಆಂಪ್ಲಿಫೈಯರಿಗೇ ಕೊಡಿಸಿದೆ. ಲ್ಯಾಪ್‌ಟಾಪ್ ತೆರೆದು ಒಂದು ತಂತಿ ಸಿಕ್ಕಿಸಿ, ಹೆಡ್‌ಫೋನಿಗೆ ಕೈಯೊಡ್ಡಿದೆ. ಓರಗಿತ್ತಿ ಅದನ್ನು ತನ್ನ ಕುತ್ತಿಗೆಯಿಂದ ತೆಗೆದು ಕೊಟ್ಟಳು. ಎಲ್ಲ ಸೇರಿ ಐದು ನಿಮಿಷ. ಅಜ್ಜಿಯ ಹಾಡು ಮುಗಿಯುತ್ತಿದ್ದಂತೆ ನನ್ನ ಹಾಡು ಹಿಡಿಯಿತು.

ಉಳಿದ ಒಂದೂವರೆ ಗಂಟೆ ನಾನೇ ನಡೆಸಿದೆ. ಒಂದು ಹಾಡು, ಆಮೇಲೆ ಇನ್ನೊಂದು. ಯಾರೂ ಬೆರಗಾಗಲಿಲ್ಲ, ಯಾರೂ ದೂರಲೂ ಇಲ್ಲ. ಓರಗಿತ್ತಿ ಹಿಂದೆ ಕೂತು ಹದಿನಾಲ್ಕು ತಂತಿ ಒಂದೊಂದಾಗಿ ಸುತ್ತುತ್ತಿದ್ದಳು.

ಊಟದ ಮನೆಯ ಕೈತೊಳೆಯುವಲ್ಲಿ ಮ್ಯಾನೇಜರು ಸಿಕ್ಕರು. "ಮೇಡಂ, ನಾನೇ ತಪ್ಪು ಹೇಳಿದ್ದೆ. ಆ ಸಣ್ಣದೇ ಸಾಕು. ಮುಂದಿನ ಭಾನುವಾರ ಮಾಲೂರಲ್ಲಿ ಒಂದು ನಾಮಕರಣ ಇದೆ, ನೀವೊಬ್ರೇ ಬನ್ನಿ. ಆಯಮ್ಮ ಬೇಡ. ಕೈ ಇನ್ನೂ ಪಳಗಿಲ್ಲ."

"ನೋಡೋಣ ಸರ್," ಅಂದೆ. ಅವಳನ್ನು ಬಿಟ್ಟು ಬರಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನಾನು ಹೇಳಿದ್ದೇ ಸರಿಯಾಯಿತಲ್ಲ ಅಂತ ಒಳಗೆ ಹಿತವಾಗಿತ್ತು. ಅದನ್ನು ಇಲ್ಲಿ ಮುಚ್ಚಿಟ್ಟರೆ ಇದನ್ನೆಲ್ಲ ಬರೆದು ಏನು ಉಪಯೋಗ?

ಮಂಗಳವಾರ ಸೆಟ್ಟನ್ನು ಹಿಂದಿರುಗಿಸಲು ಕೋಲಾರಕ್ಕೆ ನಾನೊಬ್ಬಳೇ ಹೋದೆ. ಓರಗಿತ್ತಿ ತಲೆನೋವು ಅಂದಳು. ಫೇಡರುಗಳು ಕೈ ಕೊಟ್ಟವು ಅಂದದ್ದಕ್ಕೆ ಸೌಂಡ್ಸ್ ಅಂಗಡಿಯವರು ಅಲ್ಲೇ ತಿರುಪು ಬಿಚ್ಚಿ ಮೇಲಿನ ತಗಡು ಎತ್ತಿದರು. ಫೇಡರಿನ ಸೀಳುಗಳ ಕೆಳಗೆಲ್ಲ ಕೆಂಪು ಪುಡಿ. ಅರಿಶಿನ ಒಣಗಿ ಹಕ್ಕಳೆ ಕಟ್ಟಿತ್ತು. ಒಂದು ಅಕ್ಕಿಕಾಳೂ ಇತ್ತು.

"ಏನಕ್ಕಾ ಇದು, ಅಮ್ಮನೋರಿಗೆ ಅಲಂಕಾರ ಮಾಡ್ದಂಗೆ ಮಾಡ್ಬಿಟ್ಟಿದೀರಾ!"

ಅವರು ಕುಂಚದಲ್ಲಿ ಗುಡಿಸಿ, ಎಂಥದೋ ಸ್ಪ್ರೇ ಹೊಡೆದು, ಫೇಡರನ್ನು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿದರು. ಹಾಡು ಹಾಕಿದರು. ಬೆಣ್ಣೆಯ ಹಾಗೆ ಏರಿತು, ಇಳಿದಾಗ ಪೂರ್ತಿ ಇಳಿಯಿತು. "ಆಡಿಸ್ತಾ ಆಡಿಸ್ತಾ ಪುಡಿ ಒಳಗೆ ಇಳಿದಿರುತ್ತೆ. ಮೆಷಿನ್‌ದೇನೂ ತಪ್ಪಿಲ್ಲ. ಹೊಡೆದೋರ್ದೂ ಇಲ್ಲ," ಅಂದರು.

ಬಸ್ಸಿನಲ್ಲಿ ಮನೆ ಸೇರುವವರೆಗೂ ಹೇಳಿಬಿಡಬೇಕು ಅಂದುಕೊಂಡೆ. ಮನೆಗೆ ಬಂದರೆ ಓರಗಿತ್ತಿ ಪಕ್ಕದ ಮನೆಯವರ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು. ಆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. "ಕೊಟ್ಟು ಬಂದ್ರಾ?" ಅಂದಳು. "ಹೂಂ," ಅಂದೆ. ಬುಧವಾರ ಬೆಳಿಗ್ಗೆ ನೋಡಿದರೆ ಅವಳ ಹೆಡ್‌ಫೋನು ನನ್ನ ಚೀಲದೊಳಗಿತ್ತು. ಅವಳೇ ತಂದಿಟ್ಟಿದ್ದಳು. ಗುರುವಾರ ನಾನು ಎರಡು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಒಮ್ಮೆ ಕತ್ತರಿ ಕೇಳಿ, ಒಮ್ಮೆ ಏನೂ ಕೇಳದೆ ವಾಪಸು ಬಂದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಣ್ಣ ಪೆಟ್ಟಿಗೆ ನನ್ನ ಕೈಯಲ್ಲೇ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಪುಸ್ತಕದಲ್ಲಿ ಆ ಮೂರು ದಿನ ಏನೂ ಬರೆದಿಲ್ಲ. ಹಾಲು ಎಷ್ಟು ತಂದೆ ಅಂತಲೂ ಇಲ್ಲ.

ಶುಕ್ರವಾರ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಬಗ್ಗಿಸಿದ ತಲೆ ಎತ್ತದೆ ಹೇಳಿದೆ.

"ಫೇಡರ್ ಒಳಗೆ ಕುಂಕುಮ ಇತ್ತು ಕಣೇ. ನಾನಿಟ್ಟಿದ್ದು. ಅದಕ್ಕೇ ಹಂಗಾಗಿದ್ದು."

ಅವಳ ಬೆರಳಿನಿಂದ ಕಾಳೊಂದು ಚಿಮ್ಮಿ ಒಲೆಕಟ್ಟೆಯ ಕೆಳಗೆ ಹೋಯಿತು.

"ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಶುಕ್ರವಾರ."

"ಹೂಂ."

"ಐದು ದಿನದಿಂದ ನಾನು ನನ್ನ ಕೈನೇ ಬೈಕೋತಿದೀನಿ ಅಕ್ಕಾ. ನಿಮಗೆ ಮೂರು ದಿನದಿಂದ ಗೊತ್ತು." ಆಮೇಲೆ ಕೇಳಿದಳು, "ಭಾನುವಾರ ನಿಮಗೆ ಖುಷಿ ಆಗಿತ್ತು, ಅಲ್ವಾ?"

"ಆಗಿತ್ತು."

ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಪಾತ್ರೆಯಲ್ಲಿದ್ದ ಕಾಳು ಮುಗಿಯುವವರೆಗೂ ಹಿತುಕಿದಳು. ನಾನೂ ಹಿತುಕಿದೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಆ ಮ್ಯಾನೇಜರಿಗೆ ಫೋನ್ ಮಾಡಿ. ನನ್ನೆದುರಿಗೇ ಮಾಡಿ," ಅಂದಳು.

ಮಾಡಿದೆ. ಸ್ಪೀಕರಿಗೆ ಹಾಕಿದೆ. ಎಲ್ಲ ಹೇಳಿ, ಮಾಲೂರಿಗೆ ನಾನು ಬರುವುದಿಲ್ಲ, ಓರಗಿತ್ತಿ ಬರುತ್ತಾಳೆ, ದೊಡ್ಡ ಸೆಟ್ಟಿನಲ್ಲೇ ಮಾಡುತ್ತಾಳೆ ಅಂದೆ.

"ಮೇಡಂ, ನನಗೆ ಕುಂಕುಮ ಗಿಂಕುಮ ಎಲ್ಲ ಅರ್ಥ ಆಗಲ್ಲ. ಪಾರ್ಟಿ ದೊಡ್ಡದು. ಮಾಲೂರಲ್ಲಿ ಕೆಟ್ಟರೆ ಆಯಮ್ಮನೂ ಇಲ್ಲ, ನೀವೂ ಇಲ್ಲ. ಒಪ್ಪಿಗೆನಾ?"

ನಾನು ಅವಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು.

"ಒಪ್ಪಿಗೆ," ಅಂದೆ.

ಭಾನುವಾರಕ್ಕೆ ಎರಡೇ ದಿನವಿತ್ತು. ಶನಿವಾರ ಕೋಲಾರದಿಂದ ಅದೇ ಸೆಟ್ಟು ತಂದಳು. ಈ ಸಲ ಮಿಕ್ಸರಿನ ಮೇಲೆ ಒದ್ದೆಯಾಗದ, ಪುಡಿ ಇಳಿಯದ ಬಟ್ಟೆ ಹೊದಿಸಿ, ಸುತ್ತಲೂ ಕಟ್ಟಿ, ನನಗೆ ತೋರಿಸಿದಳು. "ಇದನ್ನ ನೀವು ಮುಟ್ಟಬಾರದು. ಭಾನುವಾರ ಸ್ಟೇಜಿಗೂ ಬರಬಾರದು. ಬೇಕಾದ್ರೆ ಕುರ್ಚೀಲಿ ಕೂತ್ಕೊಳ್ಳಿ."

"ಸಣ್ಣ ಪೆಟ್ಟಿಗೆ?"

"ಅದು ಹತ್ತಿರ ಇದ್ರೆ ನಿಮ್ಮ ಕೈ ಅದರ ಕಡೇನೇ ಹೋಗುತ್ತೆ."

ಒಂದು ಕೈ ಕೊಟ್ಟರೆ ಇನ್ನೊಂದು ಇರಲೇಬೇಕು ಕಣೇ, ಇದು ನನ್ನ ಹಠ ಅಲ್ಲ, ಕೆಲಸದ ರೀತಿ ಅಂತ ವಾದಿಸಿದೆ. ಕೊನೆಗೆ ಪೆಟ್ಟಿಗೆ ಲಗೇಜ್ ಆಟೋದ ಕ್ಯಾಬಿನ್ನಿನೊಳಗೆ, ಅದರ ಕೀಲಿ ಡ್ರೈವರ್ ಹತ್ತಿರ ಇಸಿದುಕೊಂಡು ಅವಳ ಸೊಂಟದಲ್ಲಿ ಅಂತ ತೀರ್ಮಾನವಾಯಿತು. ಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು.

ಮಾಲೂರಿನ ಛತ್ರದಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತೆ. ಮಗುವಿನ ಮನೆಯವರು ಶಿವಾರಪಟ್ಟಣದವರು, ಕಲ್ಲು ಕೆತ್ತುವ ಕುಲ. ನನ್ನ ಪಕ್ಕದಲ್ಲಿ ಅವರ ಕಡೆಯ ಒಬ್ಬ ದೊಡ್ಡಮ್ಮ ಕೂತಿದ್ದರು. ಮ್ಯಾನೇಜರು ಗೋಡೆಗೊರಗಿ ಕೈ ಕಟ್ಟಿ ನಿಂತಿದ್ದರು. ನನ್ನ ಕೈಗೆ ಕೆಲಸವಿರಲಿಲ್ಲ. ಬಳೆ ಸರಿಸಿದೆ, ಪರ್ಸಿನ ಜಿಪ್ಪು ಎಳೆದೆ, ಮುಚ್ಚಿದೆ. ಓರಗಿತ್ತಿ ಎರಡು ಸಲ ಬಗ್ಗಿ ತಂತಿ ನೋಡಿದಾಗ ನಾನು ಎರಡು ಸಲವೂ ಅರ್ಧ ಎದ್ದು ಕೂತೆ. ಒಂದು ಹಾಡು ಬಂತು. ಅದು ಹೋಗುವ ಮುಂಚೆಯೇ ಇನ್ನೊಂದು ಬಂದು ಸೇರಿತು. ಫೇಡರ್ ಇಳಿದಾಗ ಶಬ್ದವೂ ಇಳಿಯಿತು. ತೊಟ್ಟಿಲಿಗೆ ಮಗುವನ್ನು ಹಾಕುವ ಹೊತ್ತಿಗೆ ಜೋಗುಳದ ದನಿಯೊಂದು ಮೇಲೆ ತೇಲುತ್ತಿತ್ತು. ಅದರ ಕೆಳಗೆ ಬೇರೆಲ್ಲಿಯದೋ ವೀಣೆ. ಅದಕ್ಕೂ ಕೆಳಗೆ, ಎದೆ ಬಡಿದುಕೊಳ್ಳುವಷ್ಟು ಮೆಲ್ಲಗೆ, ತಮಟೆ. ನಮ್ಮ ನಡುಮನೆಯ ಸಣ್ಣ ಸ್ಪೀಕರಿನಲ್ಲಿ, ಒಗ್ಗರಣೆಯ ಸದ್ದಿನ ನಡುವೆ, ನಾನು ಇದನ್ನು ಇಷ್ಟು ಕೇಳಿಸಿಕೊಂಡಿರಲಿಲ್ಲ.

ಪಕ್ಕದ ದೊಡ್ಡಮ್ಮ ನನ್ನ ಕಡೆ ವಾಲಿದರು. "ಚೆನ್ನಾಗೈತಲ್ಲ ಈ ಹಾಡು. ಯಾವುದಮ್ಮಾ ಇದು?"

"ಒಂದಲ್ಲ ಅಮ್ಮಾ. ಮೂರು ಒಟ್ಟಿಗೆ ಓಡ್ತಾ ಇದೆ."

ಅವರು ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದರು. "ಮೂರಾ? ನಂಗೆ ಒಂದೇ ಕೇಳ್ತೈತೆ."

"ಹಂಗೆ ಕೇಳಿಸಲಿ ಅಂತಾನೇ ಅವಳು ಮೂರು ವಾರ ಕೂತಿದ್ದು," ಅಂದೆ. ಯಾರವಳು ಅಂತ ಅವರು ಕೇಳಲಿಲ್ಲ. ಆದರೂ ನಾನೇ ಸ್ಟೇಜಿನ ಕಡೆ ಕೈ ತೋರಿಸಿ ಹೇಳಿದೆ, "ನಮ್ಮ ಓರಗಿತ್ತಿ."